ನಲವತ್ತೊಂಬತ್ತನೆಯ ದಿನ

ತಮಿಳು ಸೀಮೆಯಲ್ಲಿ ಮೆಟ್ಟೂರಿನ ಹತ್ತಿರವಿರುವ ಕೊಳತ್ತೂರಿನ ಮಂಜುಳಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಗಂಡ ಶಿವಣ್ಣ ಕುಡಿದು ಬಂದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಬಿದ್ದುಕೊಂಡಾಗ ಎತ್ತಲು ಬಂದ ಬೀದಿಯವರು ಎಷ್ಟು ಮಂದಿ? ಹದಿನೆಂಟು ವರ್ಷ ಅವಳೊಬ್ಬಳೇ ಎತ್ತಿದ್ದಾಳೆ.

ಆ ಕಡೆ ಕುಡಿತ ಬಿಡಿಸುವುದೆಂದರೆ ಮುನಿಯಪ್ಪನ ಗುಡಿಯಲ್ಲಿ ಕಯಿರು ಕಟ್ಟಿಸುವುದು. ಪೂಜಾರಿ ಮಂತ್ರಿಸಿ ಕೈಗೆ ದಾರ ಕಟ್ಟಿದರೆ ನಲವತ್ತೆಂಟು ದಿನ ಮುಟ್ಟಕೂಡದು. ಶಿವಣ್ಣ ನಾಲ್ಕು ಸಲ ಕಟ್ಟಿಸಿಕೊಂಡ, ನಾಲ್ಕು ಸಲವೂ ತೊಟ್ಟು ಮುಟ್ಟದೆ ಗಡುವು ಮುಗಿಸಿದ. ದೇವರೆಂದರೆ ಅಷ್ಟು ಭಯ. ಆದರೆ ನಲವತ್ತೊಂಬತ್ತನೆಯ ದಿನ ದೇವರಿಗೆ ಕೊಟ್ಟ ಮಾತು ಮುಗಿಯಿತಲ್ಲ! ಗುಡಿಯಲ್ಲಿ ದಾರ ಬಿಚ್ಚಿಸಿದ್ದೇ ತಡ, ಅಣ್ಣ ಚಿನ್ನಸ್ವಾಮಿಯೇ ಮುಂದೆ ನಿಂತು ಬಾಟಲಿ ತೆರೆಯುತ್ತಿದ್ದ, ತಮ್ಮ ಏನೋ ಪರೀಕ್ಷೆ ಪಾಸು ಮಾಡಿದವನಂತೆ. ಜೊತೆಗೆ ಕೋಳಿ ಬೇರೆ. ಆ ಕೋಳಿಗೆ ಮಸಾಲೆ ಅರೆದವಳು ಮಂಜುಳಮ್ಮ. ನೆನೆದರೆ ಈಗಲೂ ಅವಳ ಮೈ ಉರಿಯುತ್ತದೆ.

ಐದನೆಯ ದಾರ ಕಟ್ಟಿದ್ದಾಗ ಶಿವಣ್ಣನ ಹೊಟ್ಟೆ ಊದಿತು. ಲಿವರ್ ಕೆಟ್ಟಿದೆ, ಇನ್ನೊಮ್ಮೆ ಕುಡಿದರೆ ನನ್ನ ಹತ್ತಿರ ಕರೆತರಬೇಡಿ ಎಂದುಬಿಟ್ಟರು ಡಾಕ್ಟರು. ನರ್ಸ್ ಶರಣ್ಯ ಮಾತ್ರ ಹೊರಗೆ ಬಂದು, ಸೇಲಂನಲ್ಲಿ ಭಾನುವಾರ ಬೆಳಗ್ಗೆ ಕುಡಿತ ಬಿಟ್ಟವರ ಮೀಟಿಂಗ್ ನಡೆಯುತ್ತದೆಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ಗಡುವು ಮುಗಿದ ಮಾರನೆಯ ದಿನವೇ ಭಾನುವಾರ.

ಬೆಳಗ್ಗೆಯೇ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ಮೆಟ್ಟೂರಿನಲ್ಲಿ ಬಸ್ಸು ಬದಲಿಸಿ ಸೇಲಂ ಸೇರಿದರೆ, ಚೀಟಿಯಲ್ಲಿದ್ದ ಶಾಲೆಯ ಗೇಟಿಗೆ ಬೀಗ. ಟೀ ಅಂಗಡಿಯವನನ್ನು ಕೇಳಿದರೆ, “ಯಾರುಕ್ಕಮ್ಮಾ?” ಯಾರಿಗಮ್ಮ ಎಂದು ಶಿವಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹಲ್ಲು ಕಿರಿದ. ಇನ್ನೊಬ್ಬ ಕಲ್ಯಾಣ ಮಂಟಪಕ್ಕೆ ಕಳಿಸಿದ. ಆಟೋದವನಿಗೆ ಗೊತ್ತೇ ಇಲ್ಲ. ಬ್ರಾಂದಿ ಅಂಗಡಿ ಎಲ್ಲಿ ಎಂದು ಕೇಳಿದ್ದರೆ ಹಾಲು ಕುಡಿಯುವ ಕೂಸೂ ಕೈ ತೋರಿಸುತ್ತಿತ್ತು! ದಾರಿಯಲ್ಲೇ ಮೂರು ಸಿಕ್ಕವು.

“ಓಗ್ಲಿ ಬುಡು, ಬಸ್ ಇಡಿಯಾನ,” ಎಂದ ಶಿವಣ್ಣ.

“ಬಸ್ಸಾ? ಅಲ್ಲಿ ನಿಮ್ಮಣ್ಣ ಬಾಟ್ಲಿ ಇಡ್ಕೊಂಡು ಕಾಯ್ತಾ ಅವ್ನೆ. ನಡೀರಿ ಸುಮ್ನೆ!”

ಕೊನೆಗೆ ಶಾಲೆಯ ಹಿಂಬದಿಯ ಓಣಿಯಲ್ಲಿ, ನೀರಿನ ಟ್ಯಾಂಕಿನ ಮರೆಯಲ್ಲಿ ಒಂದು ಮೆಟ್ಟಿಲು ಸಿಕ್ಕಿತು. ಕೆಳಗೆ ಹತ್ತು ಹನ್ನೊಂದು ಜೊತೆ ಚಪ್ಪಲಿ. ಒಂದು ಬೋರ್ಡಿಲ್ಲ. ಬಾಗಿಲಲ್ಲಿದ್ದ ಅರುಣಾಚಲಂ ಎಂಬ ಹಿರಿಯರು, ಬಂದವರಿಗೆ ಅವಮಾನ ಆಗದಿರಲೆಂದು ಬೋರ್ಡು ಹಾಕಿಲ್ಲ ಎಂದರು. ಮಂಜುಳಮ್ಮ ತಮಿಳಿನಲ್ಲೇ ಶುರುಮಾಡಿದಳು, ಸಿಟ್ಟು ಏರಿದಂತೆ ಮಾತು ಕನ್ನಡಕ್ಕೆ ಹೊರಳಿತು.

“ಮಾರೋರು ಲೈಟ್ ಆಕ್ಕೊಂಡು ಮಾರ್ತಾರೆ. ಬುಡೋರು ಕಳ್ರಂಗೆ ಮರೇಲಿ ಕುಂತ್ಕೋಬೇಕಾ? ಯಾವ ಊರ ನ್ಯಾಯ ಇದು?”

“ನಿಯಾಯಂದಾನಮ್ಮಾ,” ಎಂದು ಒಪ್ಪಿಕೊಂಡರು ಅವರು.

ಎಷ್ಟು ದಿನ ಕುಡಿಯಬಾರದೆಂದು ಇಲ್ಲಿ ಕಟ್ಟುಪಾಡು ಎಂದು ಕೇಳಿದಳು. “ಇನ್ನಿಕ್ಕು ಮಟ್ಟುಂ.” ಇವತ್ತೊಂದು ದಿನ ಮಾತ್ರ.

ಮಂಜುಳಮ್ಮನಿಗೆ ತಲೆ ಕೆಟ್ಟುಹೋಯಿತು. ಮುನಿಯಪ್ಪನಾದರೂ ನಲವತ್ತೆಂಟು ದಿನ ತಡೆದಿದ್ದ. ಒಂದು ದಿನಕ್ಕಾಗಿ ಇಷ್ಟು ದೂರ ಬರಬೇಕಿತ್ತೆ? ಅಷ್ಟರಲ್ಲಿ ಶಿವಣ್ಣ ಒಳಗೆ ಹೋಗಿ ಕೂತಾಗಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಸರ್ಕಾರ, ಭಾವ, ಡಾಕ್ಟರು, ಟೀ ಅಂಗಡಿಯವನು, ಯಾರನ್ನೂ ಬಿಡದೆ ಬೈದಳು.

ಶಿವಣ್ಣ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. “ಒಬ್ರು ಬುಟ್ಟು ಒಂಬತ್ತು ವರ್ಸ ಆಯ್ತಂತೆ. ದಿನಾ ಎದ್ದು, ಇವತ್ತೊಂದಿನ ಬ್ಯಾಡ ಅಂದ್ಕೋತಾರಂತೆ.” ಸ್ವಲ್ಪ ದೂರ ನಡೆದ ಮೇಲೆ ಹೇಳಿದ: “ದಾರ ಕಟ್ಕೊಂಡಾಗ ನಾನು ದ್ಯಾವ್ರನ್ನ ನೆನೀತಿರ್ಲಿಲ್ಲ ಮಂಜುಳಾ. ಕುಡಿಯಾಕೆ ಇನ್ನೆಷ್ಟು ದಿನ ಐತೆ ಅಂತ ಎಣಿಸ್ತಿದ್ದೆ.”

ಮಂಜುಳಮ್ಮ ವಿಳಾಸದ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಧ್ಯಾಹ್ನ ಊರಿಗೆ ಮರಳಿದರೆ, ಗುಡಿಯ ಬೇವಿನ ಮರದಡಿ ಚಿನ್ನಸ್ವಾಮಿ ಕೈಚೀಲದೊಡನೆ ಕೂತೇ ಇದ್ದ. “ಲೇ ಸಿವ, ಬಾರ್ಲಾ, ಎಷ್ಟೊತ್ತು!”

ಶಿವಣ್ಣ ಪೂಜಾರಿಯ ಕೈಲಿ ದಾರ ಬಿಚ್ಚಿಸಿಕೊಂಡ. ಬರಿಗೈಯನ್ನು ಒಮ್ಮೆ ಉಜ್ಜಿಕೊಂಡು, “ಇವತ್ತು ಬ್ಯಾಡಣ್ಣ. ನಾಳೆ ಬಾ,” ಎಂದ.

ಚಿನ್ನಸ್ವಾಮಿ ನಂಬಿದ. ಮರುದಿನ ಮನೆಗೇ ಬಂದ, ಅದೇ ಉತ್ತರ. ಅದರ ಮರುದಿನವೂ ಅದೇ. ಒಳಗೆ ರಾಗಿ ಹಿಟ್ಟು ತಿರುವುತ್ತಿದ್ದ ಮಂಜುಳಮ್ಮನಿಗೆ ಥಟ್ಟನೆ ಅಜ್ಜಿಯ ಮನೆಯ ಬಾಗಿಲು ನೆನಪಾಯಿತು. ದೆವ್ವ ಬಂದು ಕರೆದರೆ ಓದಿಕೊಂಡು ಹಿಂದಿರುಗಲೆಂದು ಅಜ್ಜಿ ಅದರ ಮೇಲೆ ಇದ್ದಿಲಿನಲ್ಲಿ ಎರಡು ಮಾತು ಬರೆಸಿದ್ದಳು. ತಮಿಳು ಶಾಲೆಯಲ್ಲಿ ಓದಿದ ಮಂಜುಳಮ್ಮನಿಗೆ ಬರೆಯಲು ಬರುವ ಕನ್ನಡ ಅಷ್ಟೇ.

ನಾಲ್ಕನೆಯ ದಿನ ಚಿನ್ನಸ್ವಾಮಿ ಬಂದಾಗ ಬಾಗಿಲ ತುಂಬ ಬೋರ್ಡಿನಷ್ಟು ದೊಡ್ಡ ಅಕ್ಷರ: ನಾಳೆ ಬಾ.

“ಏನಮ್ಮ ಇದು? ಯಾರ್ಗೆ ಬರ್ದಿರೋದು?”

“ನಿಮ್ಗೇ ಭಾವ,” ಎಂದಳು ಮಂಜುಳಮ್ಮ, ಇದ್ದಿಲು ಹತ್ತಿದ ಕೈಯನ್ನು ಸೊಂಟದ ಮೇಲಿಟ್ಟುಕೊಂಡು. “ಓದಾಕೆ ಬರಾಕಿಲ್ಲ ಅಂದ್ರೆ ಯೋಳಿ, ದಿನಾ ನಾನೇ ಓದಿ ಯೋಳ್ತೀನಿ.”