ತಂಗಿಯ ಹೆಜ್ಜೆಯಲ್ಲಿ ಅಳೆದ ಊರು

ಬೆಳಗಿನ ಐದೂ ಮುಕ್ಕಾಲು. ಬ್ಯಾಂಕಿನ ಮೂಲೆಯಿಂದ ಹೆಂಗಸೊಬ್ಬರು ನೆಟ್ಟಗೆ ನಡೆದು ಬರುತ್ತಿದ್ದಾರೆ. ವಯಸ್ಸು ಐವತ್ತೆಂಟು. ಹೆಗಲಲ್ಲಿ ಬಟ್ಟೆ ಚೀಲ, ಬಲಗೈಯಲ್ಲಿ ಸೀಮೆಸುಣ್ಣ, ತುಟಿಯ ಮೇಲೆ ಸಂಖ್ಯೆ. ಹೊಸಬರು ನೋಡಿದರೆ ಯಾರನ್ನೋ ಮೆಲ್ಲಗೆ ಬಯ್ಯುತ್ತಾ ಹೋಗುತ್ತಿದ್ದಾರೆ ಅಂದುಕೊಳ್ಳಬೇಕು. ಪೇಪರ್ ಹಾಕುವವನು ಸೈಕಲ್ ನಿಧಾನ ಮಾಡಿ, ಬೇಕಂತಲೇ ಕೇಳುತ್ತಾನೆ: "ಅಕ್ಕಾ, ಟೈಮೆಷ್ಟು?"

ಒಂದು ಬೆರಳು ಮಾತ್ರ ಮೇಲೇಳುತ್ತದೆ. ಆ ಬೆರಳಿನ ಅರ್ಥ ಊರಿಗೆಲ್ಲ ಗೊತ್ತು. ನಡುವೆ ಲೆಕ್ಕ ತಪ್ಪಿದರೆ ಮತ್ತೆ ಬ್ಯಾಂಕಿನ ಮೂಲೆಗೇ ಹೋಗಬೇಕು. ಹೋದ ತಿಂಗಳು ಇದೇ ಮಹಾಶಯನ ದೆಸೆಯಿಂದ ಎರಡು ಸಲ ಹೋಗಿದ್ದಾರೆ.

ಔಷಧಿ ಅಂಗಡಿಯ ಮುಂದೆ ನಿಂತು ನೆಲಕ್ಕೆ ಒಂದು ಗೀಟು ಎಳೆದು, ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ: ೧೨೩. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ: ೧೧೦. ಆಮೇಲೆ, ಜೊತೆಗೆ ಬಂದ ಪತ್ರಿಕೆಯವರ ಕಡೆ ತಿರುಗಿ ಬಾಯಿ ಬಿಡುತ್ತಾರೆ. "ಅಂಗಡಿಯೋರು ಬಾಗಿಲನ್ನ ಆ ಪಕ್ಕದಿಂದ ಈ ಪಕ್ಕಕ್ಕೆ ತಂದಿದಾರೆ. ಹದಿನಾಲ್ಕು ಹೆಜ್ಜೆ ವ್ಯತ್ಯಾಸ. ಜ್ವರ ಬಂದೋರಿಗೆ ಹದಿನಾಲ್ಕು ಹೆಜ್ಜೆ ಅಂದ್ರೆ ಕಡಿಮೆ ಅಲ್ಲ."

ಊರಲ್ಲಿ ಇವರಿಗೆ ಹೆಜ್ಜೆಯಕ್ಕ ಎಂದು ಹೆಸರು. ಈ ಊರು, ಸುತ್ತಲಿನ ಅರವತ್ತೆರಡು ಹಳ್ಳಿ, ಎಲ್ಲ ಸೇರಿ ಇನ್ನೂರ ಹದಿನಾಲ್ಕು ನಕ್ಷೆಗಳನ್ನು ಕೈಯಲ್ಲೇ ಬರೆದಿದ್ದಾರೆ. ಒಂದೊಂದೂ ಒಂದೇ ಹಾಳೆಯಷ್ಟು. ವೆಬ್‌ಸೈಟಿನಲ್ಲಿವೆ, ಯಾರು ಬೇಕಾದರೂ ಇಳಿಸಿಕೊಂಡು ಪ್ರಿಂಟ್ ಹಾಕಿಕೊಳ್ಳಬಹುದು, ಉಚಿತ. ನಮ್ಮ ಭಾಷೆಯಲ್ಲಿ ಉಚಿತ ಎಂದರೆ ಬಿಟ್ಟಿ ಎಂದೂ ಆಗುತ್ತದೆ, ತಕ್ಕದ್ದು ಎಂದೂ ಆಗುತ್ತದೆ. ಎರಡೂ ಅರ್ಥ ಒಂದೇ ಕಡೆ ಸೇರುವುದು ಅಪರೂಪ. ಇವರ ಹಾಳೆಯಲ್ಲಿ ಸೇರಿವೆ.

ದಿನಕ್ಕೆ ಸುಮಾರು ಮುನ್ನೂರು ಹಾಳೆ ಇಳಿಯುತ್ತವೆ. ಪರೀಕ್ಷೆ ಹತ್ತಿರ ಬಂದರೆ ಎಂಟುನೂರು, ಅದೂ ಹೆಸರುಗಳಿಲ್ಲದ ಖಾಲಿ ನಕ್ಷೆಗಳೇ. ಮಕ್ಕಳು ಹಳ್ಳಿ, ಹಳ್ಳ, ಗುಡ್ಡಗಳನ್ನು ತುಂಬಿ ಕಲಿಯುತ್ತಾರೆ. ಪ್ರವಾಸಿಗರಿಗೆ ಬಸ್ಸು, ದೋಣಿ, ಕುಡಿಯುವ ನೀರಿನ ನಲ್ಲಿ ಮತ್ತು, ತೀರಾ ಮುಖ್ಯವಾಗಿ, ಶೌಚಾಲಯ ತೋರಿಸುವ ಬೇರೆ ಹಾಳೆಗಳಿವೆ. ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳುವವರಿಗೆ ಆಸ್ಪತ್ರೆ, ಅಂಚೆ, ಬೀಗ ರಿಪೇರಿಯವರ ಹಾಳೆ. ಫೋನಿನಲ್ಲಿ ನಕ್ಷೆ ಇಲ್ಲವೇ ಎಂದರೆ, ಇದೆ. ಅದರೊಳಗಿನ ಹೆಂಗಸು ಹಿಟ್ಟಿನ ಗಿರಣಿ ಬೀದಿಯ ಕೊನೆಗೆ ಬಂದಾಗ ಪ್ರತಿ ಸಲವೂ "ಎಡಕ್ಕೆ ತಿರುಗಿ" ಅನ್ನುತ್ತಾಳೆ. ಎಡಕ್ಕೆ ಗೋಡೆಯಿದೆ. ಆ ಗೋಡೆಯ ಮನೆಯವರು ಮೂರು ಸಲ ಸುಣ್ಣ ಹೊಡೆಸಿ, ಈಗ ಕೈ ಬಿಟ್ಟಿದ್ದಾರೆ.

ಹೆಜ್ಜೆಯಕ್ಕನ ಕೋಣೆ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ. ಕಿಟಕಿಗೆ ತಾಗಿದ ಓರೆ ಮೇಜು, ಹದಿನಾರು ಪೆನ್ನು, ಕಾಲು ಮುರಿದ ಕನ್ನಡಕವನ್ನು ದಾರದಲ್ಲಿ ಕಟ್ಟಿ ತೂಗುಹಾಕಿದ ಮೊಳೆ. ಕೆಳಗಿನ ಝೆರಾಕ್ಸ್ ಅಣ್ಣನೇ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸುವವರು. "ಊರಿಗೆಲ್ಲ ದಾರಿ ತೋರಿಸ್ತಾರೆ, ನನಗೆ ಮಾತ್ರ ದುಡ್ಡು ಮಾಡೋ ದಾರಿ ತೋರಿಸಲ್ಲ" ಎಂದು ದಿನಕ್ಕೊಮ್ಮೆ ಗೊಣಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಟೀ ಮಾತ್ರ ತಪ್ಪದೆ ಮೇಲಕ್ಕೆ ಕಳಿಸುತ್ತಾರೆ.

ಮೊದಲು ಇವರು ನಕ್ಷೆ ಕಚೇರಿಯಲ್ಲಿ ಟ್ರೇಸರ್. ಹಳೆಯ ನಕ್ಷೆಯ ಮೇಲೆ ತೆಳು ಕಾಗದ ಹರಡಿ, ಕೆಳಗೆ ಕಾಣುವ ಗೆರೆಯನ್ನು ಮೇಲೆತ್ತುವ ಕೆಲಸ. ಹತ್ತೊಂಬತ್ತು ವರ್ಷ ಎತ್ತಿದರು. ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು, ಇವರಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಕಚೇರಿಯ ಪದ್ಧತಿಯೂ ಸೊಗಸು. ನಕ್ಷೆಗಳೆಲ್ಲ ಕಬ್ಬಿಣದ ಬೀರುವಿನಲ್ಲಿ. ನೋಡಬೇಕೆಂದರೆ ಅರ್ಜಿ ಕೊಡಬೇಕು. ಅರ್ಜಿ ಕೊಡುವ ಕೋಣೆ ಎಲ್ಲಿದೆ ಎಂದು ಹುಡುಕಲು ಒಂದು ನಕ್ಷೆ ಬೇಕು. ಅದೂ ಬೀರುವಿನಲ್ಲೇ.

"ಒಬ್ಬಾಕೆ ಕಂಕುಳಲ್ಲಿ ಮಗು ಎತ್ಕೊಂಡು ಬಂದಿದ್ಲು" ಎಂದು ನೆನೆಯುತ್ತಾರೆ. "ಹೊಸದಾಗಿ ಬಂದಿರೋಳು. ಆಸ್ಪತ್ರೆಗೆ ಹೋಗೋ ದಾರಿ ಬರ್ಕೊಡಿ ಅಂದ್ಲು. ಸಾಹೇಬ್ರು ಅರ್ಜಿ ಫಾರಂ ಕೊಟ್ರು. ಆವತ್ತೇ ಸಂಜೆ ಮನೇಲಿ ಕೂತು ಮೊದಲ ಹಾಳೆ ಬರೆದೆ. ಬರೆದೆವು ಅನ್ನಬೇಕು. ನಾನು, ನನ್ನ ತಂಗಿ."

ತಂಗಿ ಎನ್ನುವಾಗ ಪೆನ್ನನ್ನು ಕೆಳಗಿಟ್ಟೇ ಮಾತಾಡುತ್ತಾರೆ.

ತಂಗಿ ಆರು ವರ್ಷ ಚಿಕ್ಕವಳು, ಒಂದು ಗೇಣು ಉದ್ದ. ವಿದ್ಯುತ್ ಮೀಟರ್ ಓದುವ ಕೆಲಸ. ಮನೆಮನೆ ಅಲೆದು ಊರನ್ನು ಪಾದದಲ್ಲೇ ಬಾಯಿಪಾಠ ಮಾಡಿದವಳು. ಅಮ್ಮ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ರಜಾ ದಿನ ಬಂದರೆ ತಂಗಿ ನಡೆಯುವುದು, ಮನೆಗೆ ಬಂದು ಸಂಖ್ಯೆ ಹೇಳುವುದು. ಅಕ್ಕ ಊಟದ ಮೇಜಿನ ಮೇಲೆ ಗೆರೆ ಎಳೆಯುವುದು. ಹಾಗಾಗಿ ಈ ನಕ್ಷೆಗಳಲ್ಲಿ ಮೀಟರು, ಕಿಲೋಮೀಟರು ಇಲ್ಲ. ಎಲ್ಲ ದೂರವೂ ಹೆಜ್ಜೆಯಲ್ಲಿ. ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಸಾಲು: ಅಳತೆ: ತಂಗಿ. ಗೆರೆ: ಅಕ್ಕ. ತಪ್ಪಿದ್ದರೆ ತಿಳಿಸಿ.

"ಹೆಜ್ಜೆಯಕ್ಕ ಅನ್ನೋ ಹೆಸರೂ ಅವಳದ್ದೇ. ಅವಳು ಊರು ಬಿಟ್ಟ ಮೇಲೆ ನಡೆಯೋಕೆ ಯಾರೂ ಇರ್ಲಿಲ್ಲ, ನಾನೇ ಇಳಿದೆ. ಜನ ನನ್ನನ್ನೇ ಹಂಗೆ ಕರೆಯೋಕೆ ಶುರು ಮಾಡಿದ್ರು. ಬೇರೆಯೋರ ಚಪ್ಪಲಿ ಹಾಕ್ಕೊಂಡು ಓಡಾಡಿದಂಗೆ ಇರ್ತದೆ."

ಚೀಟಿಯ ಎರಡನೇ ಸಂಖ್ಯೆಯ ಗುಟ್ಟು ಇದೇ. ಇವರ ನೂರಾ ಹನ್ನೆರಡು ಹೆಜ್ಜೆ ತಂಗಿಯ ನೂರಕ್ಕೆ ಸಮ. ಹನ್ನೊಂದು ವರ್ಷದಿಂದ ತಾವು ನಡೆದದ್ದನ್ನೆಲ್ಲ ತಂಗಿಯ ಹೆಜ್ಜೆಗೆ ಇಳಿಸಿಯೇ ಬರೆಯುತ್ತಾರೆ. ದಿನಕ್ಕೆ ಮುನ್ನೂರು ಜನ ಯಾರ ಹೆಜ್ಜೆ ಎಂದು ತಿಳಿಯದೆ ಆ ಹೆಜ್ಜೆಯ ಹಿಂದೆ ನಡೆಯುತ್ತಾರೆ.

ಹನ್ನೊಂದು ವರ್ಷದ ಹಿಂದೆ ಆದದ್ದು ಇಷ್ಟೇ. ಹಾಳೆಗಳನ್ನೆಲ್ಲ ವೆಬ್‌ಸೈಟಿಗೆ ಏರಿಸಲು ಅಚ್ಚುಕಟ್ಟಾಗಿ ಮತ್ತೆ ಬರೆಯುತ್ತಿದ್ದರು. ಹದಿನಾಲ್ಕನೇ ಹಾಳೆ, ಗಿರಣಿ ಬೀದಿಯಿಂದ ದೋಣಿಕಟ್ಟೆಗೆ ಇಳಿಯುವ ಮೆಟ್ಟಿಲ ಓಣಿ. ತಂಗಿ ನಲವತ್ತಮೂರು ಮೆಟ್ಟಿಲು ಅಂದಳು. ಅಕ್ಕ ಹೋಗಿ ಎಣಿಸಿದರೆ ನಲವತ್ತೆರಡು. ಕೊನೆಯದು ಬೇಸಿಗೆಯಲ್ಲಿ ಮಾತ್ರ ಕಾಣುತ್ತದೆ, ಉಳಿದ ಕಾಲದಲ್ಲಿ ನೀರಿನಡಿ ಇರುತ್ತದೆ ಎಂದು ತಂಗಿಯ ವಾದ.

"ಕಾಣದ್ದನ್ನ ನಾನು ಬರೆಯಲ್ಲ ಅಂದೆ" ಎನ್ನುತ್ತಾರೆ. "ಟ್ರೇಸರ್ ಬುದ್ಧಿ. ಕೆಳಗೆ ಕಂಡಿದ್ದೇ ಗೆರೆ."

ನಲವತ್ತೆರಡು ಎಂದೇ ಬರೆದರು. ಅಷ್ಟಕ್ಕೇ ನಿಂತಿದ್ದರೆ ಎರಡು ದಿನದ ಮುನಿಸಿನಲ್ಲಿ ಮುಗಿಯುತ್ತಿತ್ತು. ಆ ಹಾಳೆಯಲ್ಲಿ ನದಿ ಬಂತು, ದೋಣಿಯ ವೇಳೆ ಬಂತು, ಮೂಲೆ ಇಕ್ಕಟ್ಟಾಯಿತು. ಮೂರು ಸಾಲಿನಲ್ಲಿ ಒಂದು ಸಾಲು ತೆಗೆಯಬೇಕಾಯಿತು. ತೆಗೆದರು. ಅಳತೆಯ ಸಾಲನ್ನು.

"ಜಾಗ ಸಾಲಲಿಲ್ಲ" ಎನ್ನುತ್ತಾರೆ. ಕಿಟಕಿಯ ಸರಳನ್ನು ಬೆರಳಲ್ಲಿ ಒರೆಸಿ, "ನನ್ನ ಸಾಲು ತೆಗೀಬಹುದಿತ್ತು. ತೋಚಲೇ ಇಲ್ಲ ನೋಡಿ."

ಕೆಳಗೆ ಝೆರಾಕ್ಸ್ ಅಂಗಡಿಯಲ್ಲಿ ತೂಗುಹಾಕಿದ್ದ ಹಾಳೆಯನ್ನು ತಂಗಿ ನೋಡಿದಳು. ಕೂಗಾಡಲಿಲ್ಲ. "ಸರಿ ಬಿಡಕ್ಕ, ಕಾಣದ್ದನ್ನ ನೀನು ಬರೆಯಲ್ಲ" ಅಂದಳು. ಎರಡು ತಿಂಗಳಲ್ಲಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದಳು. ಫೋನ್ ನಂಬರ್ ಬದಲಾಯಿತು. ಬರೆದ ಎರಡು ಕಾಗದವೂ 'ವಿಳಾಸದಾರರು ಇಲ್ಲ' ಎಂಬ ಮುದ್ರೆ ಹೊತ್ತು ವಾಪಸ್ ಬಂದವು. ಅರವತ್ತೆರಡು ಹಳ್ಳಿಯ ಒಂದೊಂದು ನಲ್ಲಿಯೂ ಎಲ್ಲಿದೆ ಎಂದು ಬಲ್ಲವರಿಗೆ ಒಡಹುಟ್ಟಿದವಳ ಮನೆ ಎಲ್ಲಿದೆ ಎಂದು ಗೊತ್ತಿಲ್ಲ.

ಅಳತೆಯ ಸಾಲು ತಂಗಿ ನೋಡಿದ ವಾರವೇ ಹಾಳೆಗೆ ಮರಳಿತ್ತು. ಮರುಬೇಸಿಗೆಯಲ್ಲಿ ದೋಣಿಕಟ್ಟೆಗೆ ಹೋಗಿ ಎಣಿಸಿದರು. ನೀರು ಇಳಿದಿತ್ತು, ಪಾಚಿ ಹಿಡಿದ ಒಂದು ಮೆಟ್ಟಿಲು ಬಿಸಿಲು ಕಾಯುತ್ತಿತ್ತು. ನಲವತ್ತಮೂರು.

ಆದರೆ ನಕ್ಷೆಯನ್ನು ತಿದ್ದಲಿಲ್ಲ. ಇನ್ನೂರ ಹದಿನಾಲ್ಕು ಹಾಳೆಯಲ್ಲಿ ಗೊತ್ತಿದ್ದೂ ಬಿಟ್ಟ ತಪ್ಪು ಅದೊಂದೇ.

"ಅವಳು ತಪ್ಪು ಸಹಿಸೋಳಲ್ಲ. ಹೋಟೆಲ್ ಬೋರ್ಡಲ್ಲಿ ಅಕ್ಷರ ತಪ್ಪಿದ್ರೂ ಒಳಗೆ ಹೋಗಿ ಹೇಳಿ ಬರೋಳು. ಎಲ್ಲೇ ಇರ್ಲಿ, ಒಂದಿನ ಆ ಹಾಳೆ ತೆಗೀತಾಳೆ, ಮೈ ಉರೀತದೆ, 'ತಪ್ಪಿದ್ದರೆ ತಿಳಿಸಿ' ಅಂತ ಇದೆಯಲ್ಲ, ತಿಳಿಸ್ತಾಳೆ. ಬೈದೇ ತಿಳಿಸ್ಲಿ." ವಾರಕ್ಕೆ ಮೂವತ್ತು ನಲವತ್ತು ತಿದ್ದುಪಡಿ ಬರುತ್ತವೆ. ಬಾವಿ ಮುಚ್ಚಿದ್ದಾರೆ, ಬಸ್ಸು ನಿಂತಿದೆ, ಕ್ಷೌರದಂಗಡಿ ಈಗ ಚಪ್ಪಲಿ ಅಂಗಡಿ. ಪ್ರತಿ ಕಾಗದದಲ್ಲೂ ಮೊದಲು ಅಕ್ಷರ ನೋಡುತ್ತಾರೆ, ಆಮೇಲೆ ವಿಷಯ. ಹನ್ನೊಂದು ವರ್ಷದಲ್ಲಿ ಮೆಟ್ಟಿಲಿನ ಬಗ್ಗೆ ಒಬ್ಬರೂ ಬರೆದಿಲ್ಲ. ಕಣ್ಣಿದ್ದವರು ಮೆಟ್ಟಿಲು ಎಣಿಸುವುದಿಲ್ಲ.

ಎಣಿಸುವವರು ಈ ದಿನ ಹತ್ತು ಗಂಟೆಗೆ ಅಂಗಡಿಯ ಬೆಂಚಿನ ಮೇಲೆ ಬಂದು ಕೂರುತ್ತಾರೆ. ಕುರ್ಚಿ ಹೆಣೆಯುವ ಮೇಷ್ಟ್ರು. ಹುಟ್ಟಿನಿಂದ ದೃಷ್ಟಿಯಿಲ್ಲ. ಎಡಗಾಲಿಗೆ ದಪ್ಪ ಪಟ್ಟಿ, ಪಕ್ಕದಲ್ಲಿ ಹೆಂಡತಿ. ಒಂಬತ್ತು ವರ್ಷದಿಂದ ಹೆಂಡತಿ ಹಾಳೆ ಓದಿ ಹೇಳುವುದು, ಇವರು ಸಂಖ್ಯೆ ನೆನಪಿಟ್ಟುಕೊಂಡು ಊರು ಸುತ್ತುವುದು. ಈಗ ನೀರಿಳಿದ ಬೇಸಿಗೆ; ಸೇತುವೆ ರಿಪೇರಿಗೆ ಮುಚ್ಚಿದ್ದರಿಂದ ಹೋದ ವಾರ ಮೊದಲ ಸಲ ದೋಣಿಕಟ್ಟೆಗೆ ಇಳಿದಿದ್ದಾರೆ.

"ಹೆಜ್ಜೇಲಿ ಹೆಚ್ಚುಕಡಿಮೆ ಆದ್ರೆ ನಾನೇ ಹೊಂದಿಸ್ಕೋತೀನಿ ತಾಯಿ, ನನ್ನ ಕಾಲು ಗಿಡ್ಡ" ಎನ್ನುತ್ತಾರೆ ಮೇಷ್ಟ್ರು. "ಮೆಟ್ಟಿಲಿಗೆ ಏನು ಹೊಂದಿಸ್ಲಿ? ರಾಜ ಇಳಿದ್ರೂ ಅಷ್ಟೇ, ನಾನು ಇಳಿದ್ರೂ ಅಷ್ಟೇ. ನಲವತ್ತೆರಡು ಆಯ್ತು, ನೆಲ ಬಂತು ಅಂತ ಧೈರ್ಯವಾಗಿ ಕಾಲಿಟ್ಟೆ. ನೆಲ ಇರ್ಲಿಲ್ಲ."

"ಧೈರ್ಯ ಅಂತೆ" ಎನ್ನುತ್ತಾರೆ ಹೆಂಡತಿ. "ಕೋಲು ಮುಂದೆ ಇಡಿ ಅಂದ್ರೆ ಕಂಕುಳಲ್ಲಿ ಇಟ್ಕೊಂಡಿದ್ರು. ದೋಣಿಯೋನ ಮುಂದೆ ಜಂಬ."

ಹೆಜ್ಜೆಯಕ್ಕ ಬೆಂಚಿನ ಎದುರು ನಿಂತೇ ಇದ್ದಾರೆ. "ನನಗೆ ಗೊತ್ತಿತ್ತು ಮೇಷ್ಟ್ರೇ."

"ಏನು ಗೊತ್ತಿತ್ತು?"

"ನಲವತ್ತಮೂರು ಅಂತ. ತಂಗಿ ಬರೀಲಿ ಅಂತ ಹಂಗೇ ಬಿಟ್ಟಿದ್ದೆ." ಎಲ್ಲವನ್ನೂ ಹೇಳುತ್ತಾರೆ, ಜಾಗ ಸಾಲದ ಸಾಲಿನ ತನಕ.

ಝೆರಾಕ್ಸ್ ಅಣ್ಣ ಮೆಷಿನ್ ನಿಲ್ಲಿಸುತ್ತಾರೆ. ಹೆಂಡತಿಯ ಮುಖ ಬಿಗಿಯುತ್ತದೆ. "ನಿಮ್ಮ ತಂಗೀನ ಕರೆಸೋಕೆ ನಮ್ಮನೆಯೋರ ಕಾಲೇ ಬೇಕಿತ್ತೇನಮ್ಮ?"

ಮೇಷ್ಟ್ರು ಪಟ್ಟಿ ಕಟ್ಟಿದ ಕಾಲನ್ನು ಸವರಿಕೊಳ್ಳುತ್ತಾ ಕೂರುತ್ತಾರೆ. ಆಮೇಲೆ, "ಹಂಗಾದ್ರೆ ಆ ಹೆಜ್ಜೆ ನಿಮ್ಮದಲ್ಲ, ಅವರದ್ದು ಅನ್ನಿ" ಎನ್ನುತ್ತಾರೆ. "ಉದ್ದ ಕಾಲು, ಅವಸರ ಇಲ್ಲ. ಏರು ಬಂದಾಗಲೂ ಒಂದೇ ಸಮ. ಒಂಬತ್ತು ವರ್ಷ ಅವರ ಹಿಂದೆ ನಡೆದಿದೀನಿ ತಾಯಿ, ನನಗೆ ಗೊತ್ತು. ಅವರು ಒಂದಿನಾನೂ ನನ್ನ ಬೀಳಿಸ್ಲಿಲ್ಲ. ಬೀಳಿಸಿದ್ದು ನೀವು."

ಹೆಜ್ಜೆಯಕ್ಕ ಸೆರಗಿನಲ್ಲಿ ಕನ್ನಡಕ ಒರೆಸುತ್ತಾ ಮಹಡಿ ಹತ್ತುತ್ತಾರೆ. ಹದಿನಾಲ್ಕನೇ ಹಾಳೆಯ ಮೂಲಪ್ರತಿ ತೆಗೆದು, ದೋಣಿಕಟ್ಟೆಯ ಪಕ್ಕದ ಸಂಖ್ಯೆಯ ಮೇಲೆ ಬಿಳಿ ಬಳಿದು, ಒಣಗುವವರೆಗೆ ಊದುತ್ತಾರೆ. ಅದರ ಮೇಲೆ ಹೊಸ ಸಂಖ್ಯೆ ಬರೆಯುತ್ತಾರೆ. ಮೊದಲನೇ ಪ್ರಿಂಟ್ ಮೇಷ್ಟ್ರ ಹೆಂಡತಿಯ ಕೈಗೆ. ಆಕೆ ಸಂಖ್ಯೆ ನೋಡಿ, ಗಂಡನಿಗೆ ಓದಿ ಹೇಳಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ಹೋಗುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತು, "ಕುರ್ಚಿ ಏನಾದ್ರೂ ಹರಿದಿದ್ರೆ ಕಳಿಸಿ" ಎನ್ನುತ್ತಾರೆ. ಕ್ಷಮಿಸಿದ್ದಾರೋ, ವ್ಯಾಪಾರ ನೋಡುತ್ತಿದ್ದಾರೋ ಹೇಳುವುದು ಕಷ್ಟ.

ಇಳಿಹೊತ್ತಿಗೆ ಹಾಳೆ ವೆಬ್‌ಸೈಟಿಗೆ ಏರುತ್ತದೆ.

"ಈಗ ಅವಳಿಗೆ ಬರೆಯೋಕೆ ನೆಪ ಇಲ್ಲ" ಎನ್ನುತ್ತಾರೆ ಹೆಜ್ಜೆಯಕ್ಕ. ನೆಪ ಇಲ್ಲದೆಯೂ ಬರೆಯಬಹುದಲ್ಲ ಎಂದರೆ, "ನಮ್ಮ ಮನೇಲಿ ಆ ಅಭ್ಯಾಸ ಇಲ್ಲ" ಎಂದು ಸಣ್ಣಗೆ ನಗುತ್ತಾರೆ. ಪೇಪರಿನಲ್ಲಿ ಏನು ಹಾಕುತ್ತೀರಿ ಎಂದು ಕೇಳುತ್ತಾರೆ. ಇನ್ನೂರ ಹದಿನಾಲ್ಕು ಹಾಳೆ, ಹತ್ತೊಂಬತ್ತು ವರ್ಷದ ಕಚೇರಿ, ದಿನಕ್ಕೆ ಮುನ್ನೂರು ಮಂದಿ ಎಂದು ಹೇಳುತ್ತಾ ಹೋದರೆ ತಲೆ ಅಲ್ಲಾಡಿಸುತ್ತಾರೆ.

"ಅದೆಲ್ಲ ಜಾಗ ಇದ್ರೆ ಹಾಕಿ. ಜಾಗ ಸಾಲದಿದ್ರೆ ನಂದು ತೆಗೀರಿ. ಅವಳ ಸಾಲು ಮಾತ್ರ ಬಿಡಬೇಡಿ."

ಯಾವ ಸಾಲು ಎಂದು ಕೇಳಿದರೆ ಚೀಟಿಯ ಹಿಂಬದಿಯಲ್ಲಿ ತಾವೇ ಬರೆದುಕೊಡುತ್ತಾರೆ. ಇದ್ದಂತೆಯೇ ಇಲ್ಲಿದೆ:

ದೋಣಿಕಟ್ಟೆ, ಮೆಟ್ಟಿಲು ೪೩. ಅಳತೆ: ತಂಗಿ.