ಪೆನ್ಸಿಲ್ ಗೆರೆ ಎಳೆದ ಚಳಿ

ಹಿಮ ಅಂದರೆ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನಂಜುಂಡಪ್ಪನಿಗೆ ಆ ಮಾತು ಕಿವಿಗೆ ಬಿದ್ದರೇ ಹೇಸಿಗೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಚಂದ್ರಕಾಂತಿ ಐಸ್‌ಕ್ರೀಂ ಕಾರ್ಖಾನೆಯ ಕೋಲ್ಡ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಪೆಟ್ಟಿಗೆ ಹೊತ್ತವನು ಅವನು. ಬಾಗಿಲ ಪಕ್ಕದ ಚಳಿ ಅಳೆಯುವ ಮೀಟರಿನ ಮುಳ್ಳು ಯಾವಾಗ ನೋಡಿದರೂ ಸೊನ್ನೆಗಿಂತ ಇಪ್ಪತ್ತೈದು ಕೆಳಗೆ. ಒಳಗೆ ನೆಲದ ಮೇಲೆ ಕಂದುಬಣ್ಣಕ್ಕೆ ತಿರುಗಿದ ಮಂಜುಗಡ್ಡೆ, ಅದರೊಳಗೆ ಸಿಕ್ಕಿಕೊಂಡ ಹರಿದ ರಟ್ಟು, ಯಾರೋ ಉಗಿದ ಎಲೆಯಡಿಕೆಯ ಕಲೆ. ತಲೆಯ ಮೇಲೆ ಫ್ಯಾನುಗಳು ಏರು ಹತ್ತುವ ಲಾರಿಯ ಹಾಗೆ ಅಬ್ಬರಿಸುತ್ತಿದ್ದವು. ಮೂಗಿನಿಂದ ಸುರಿದದ್ದು ಮೀಸೆಯಲ್ಲೇ ಗಟ್ಟಿಯಾಗುತ್ತಿತ್ತು.

ನಾಲ್ಕು ಜನ ಲೋಡರುಗಳಿಗೆ ಇದ್ದದ್ದು ಒಂದೇ ಕೋಟು. ಒಬ್ಬ ಹೊರಗೆ ಬಂದು ಬಿಚ್ಚಿಕೊಟ್ಟರೆ ಇನ್ನೊಬ್ಬ ಹಾಕಿಕೊಂಡು ಒಳಗೆ. ಹಿಂದಿನವನ ಬೆವರಿಗೆ ಒದ್ದೆಯಾದ ಕೋಟು ಒಳಗೆ ಹೋದ ಐದು ನಿಮಿಷಕ್ಕೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತಿತ್ತು. ಇನ್ನೂ ಮೂರು ಕೋಟು ಕೊಡಿಸಿ ಅಂತ ಕೇಳೀ ಕೇಳೀ ನಂಜುಂಡಪ್ಪ ಕಾರ್ಖಾನೆಯಲ್ಲಿ ಜಗಳಗಂಟ ಅನ್ನಿಸಿಕೊಂಡಿದ್ದ.

ಎರಡು ಸಾವಿರದ ಆರನೇ ಇಸವಿ, ಏಪ್ರಿಲ್. ಮದುವೆಗಳ ಕಾಲ, ಲಾರಿ ಮೇಲೆ ಲಾರಿ. ಕೋಟು ಆವತ್ತು ಹುಬ್ಬಳ್ಳಿ ಕಡೆಯ ದುಂಡೇಶನ ಮೈಮೇಲಿತ್ತು. ನಂಜುಂಡಪ್ಪ ಸ್ವೆಟರಿನಲ್ಲೇ, ಹರಿದ ಗ್ಲೌಸಿನಲ್ಲೇ ಎರಡು ಗಂಟೆ ಕಬ್ಬಿಣದ ಟ್ರಾಲಿ ಎಳೆದ. ಹೊರಗೆ ಬಂದಾಗ ಬಲಗೈಯ ಮೂರು ಬೆರಳು ಮೇಣದಬತ್ತಿಯ ಹಾಗೆ ಬೆಳ್ಳಗಿದ್ದವು. ನೋವೇ ಇರಲಿಲ್ಲ.

"ಅಣ್ಣಾರ, ಇದು ಛಲೋ ಕಾಣವಲ್ದರೀ," ಅಂದ ದುಂಡೇಶ.

"ನಿನ್ ಮೋರೆ ಚೆನ್ನಾಗ್ ಕಾಣತ್ತೇನೋ? ಮುಂದಿನ್ ಲಾರಿ ನೋಡು, ಹೋಗು," ಅಂದಿದ್ದ ನಂಜುಂಡಪ್ಪ.

ಬಾಪೂಜಿ ನಗರದ ಮನೆ ಸೇರುವ ಹೊತ್ತಿಗೆ ಕೈ ಕೊತಕೊತ ಕುದಿಯತೊಡಗಿತು. ಮರುದಿನ ಬೊಬ್ಬೆ ಎದ್ದಿತು. ವಾರಕ್ಕೆ ಬೆರಳು ಇದ್ದಿಲಿನ ಹಾಗೆ ಕಪ್ಪಾದವು. ಆಸ್ಪತ್ರೆಯಲ್ಲಿ ಮೂರನ್ನೂ ನಡುಗೆಣ್ಣಿಗೆ ಕತ್ತರಿಸಿದರು.

ಇಲ್ಲಿಂದ ಶುರುವಾಯಿತು ಅಸಹ್ಯದ ಕಥೆ. ಬೆರಳು ಕೆಲಸದಿಂದಲೇ ಹೋಯಿತು ಅಂತ ಕಾರ್ಖಾನೆಯ ಡಾಕ್ಟರು ಒಂದು ಸಾಲು ಬರೆದರೆ ಚಳಿಯಿಲ್ಲದ ಒಣ ಗೋದಾಮಿನಲ್ಲಿ ಬೇರೆ ಕೆಲಸ ಕೊಡಲೇಬೇಕು. ಬರೆಯದಿದ್ದರೆ ಜೂನ್ ಒಂದನೇ ತಾರೀಖಿನಿಂದ ಮನೆ. ವಾರಕ್ಕೆರಡು ದಿನ ಬಂದುಹೋಗುವ ಶಶಿಕುಮಾರ್ ಎಂಬ ಎಳೆ ಡಾಕ್ಟರು ಕೈಯನ್ನು ದೂರದಿಂದ ನೋಡಿ, 'ಸಕ್ಕರೆ ಕಾಯಿಲೆಯಿಂದ ಇರಬಹುದು' ಅಂತ ಗೀಚಿಬಿಟ್ಟಿದ್ದ. ಕಡೆಯ ತೀರ್ಮಾನ ಮೇ ತಿಂಗಳ ಕೊನೆಗೆ, ಮ್ಯಾನೇಜರ್ ಪುರುಷೋತ್ತಮನ ಮುಂದೆ ಅಂತಾಯಿತು.

ಈ ಪುರುಷೋತ್ತಮನಿಗೆ ಧ್ರುವದ ಹುಚ್ಚು. ಕ್ಯಾಬಿನ್ನಿನ ಗೋಡೆಯ ಮೇಲೆ ಹಿಮಪರ್ವತದ ನಡುವೆ ಸಿಕ್ಕಿಬಿದ್ದ ಹಡಗಿನ ಪಟ. ಗಾಜಿನ ಬೀರುವಿನ ತುಂಬ ಇಂಗ್ಲಿಷ್ ಪುಸ್ತಕ, ಎಲ್ಲದರ ಬೆನ್ನಿನ ಮೇಲೂ ಬಿಳಿ, ನೀಲಿ. ಭಾನುವಾರ ಕ್ಲಬ್ಬುಗಳಿಗೆ ಹೋಗಿ ಹಿಮಯಾತ್ರೆಯ ಮೇಲೆ ಭಾಷಣ ಬೇರೆ ಮಾಡುತ್ತಿದ್ದ. ಅವನ ಕುರ್ಚಿಯಿಂದ ಕೋಲ್ಡ್ ರೂಮಿಗೆ ನಲವತ್ತು ಹೆಜ್ಜೆ. ಹನ್ನೊಂದು ವರ್ಷದಲ್ಲಿ ಆ ಹೊಸ್ತಿಲು ದಾಟಿದವನಲ್ಲ.

"ಚಳಿಗೆ ಬೆರಳು ಉದುರೋದು ಧ್ರುವದಲ್ಲಿ ಕಣಯ್ಯ. ಇದು ರಾಜಾಜಿನಗರ," ಅಂದ ಪುರುಷೋತ್ತಮ, ಕೈ ತೋರಿಸಲು ಕ್ಯಾಬಿನ್ನಿಗೆ ಬಂದ ನಂಜುಂಡಪ್ಪನಿಗೆ.

"ಅಲ್ಲಿ ಹೆಂಗ್ ಉದುರತ್ತೆ ಸಾರ್? ನಿಮ್ ಪುಸ್ತಕದಲ್ಲಿ ಬರ್ದಿದಾರಾ?"

"ಏನು ಕೇಳ್ತೀಯಾ! ಓದಿದ್ರೆ ಮೈ ಜುಮ್ ಅನ್ನತ್ತೆ."

"ಹಂಗಾದ್ರೆ ಒಂದೆರಡು ಕೊಡಿ."

"ನೀನು ಓದ್ತೀಯಾ?" ಪುರುಷೋತ್ತಮನಿಗೆ ನಗು ತಡೆಯಲಾಗಲಿಲ್ಲ.

"ಆರನೇ ಕ್ಲಾಸಿಗೇ ಬಿಟ್ಟೆ ಸಾರ್. ಓದಿಸ್ಕೊಳ್ತೀನಿ."

ನಗುತ್ತಲೇ ಮೂರು ಪುಸ್ತಕ ತೆಗೆದುಕೊಟ್ಟ. ಲೋಡರ್ ಒಬ್ಬ ತನ್ನ ಪುಸ್ತಕ ಕೇಳಿ ಪಡೆದ ಅನ್ನುವುದು ಮುಂದಿನ ಭಾಷಣಕ್ಕೆ ಒಳ್ಳೆಯ ಸರಕು ಅಂತ ಅವನ ಮುಖವೇ ಹೇಳುತ್ತಿತ್ತು.

ನಂಜುಂಡಪ್ಪನ ಹೆಂಡತಿ ಪಟಾಲಮ್ಮ ಬಸವೇಶ್ವರನಗರದಲ್ಲಿ ಅನಂತಲಕ್ಷ್ಮಿ ಎಂಬ ರಿಟೈರಾದ ಇಂಗ್ಲಿಷ್ ಟೀಚರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮೂರು ಭಾನುವಾರ ಮಧ್ಯಾಹ್ನ ಆ ಮನೆಯ ಜಗುಲಿಯಲ್ಲಿ ಪಾರಾಯಣ ನಡೆಯಿತು. ಟೀಚರು ಓದಿ ಓದಿ ಕನ್ನಡದಲ್ಲಿ ಹೇಳುವುದು, ನಂಜುಂಡಪ್ಪ ಕೇಳಿ ಕೇಳಿ ಉರಿದುಬೀಳುವುದು.

ಮೊದಲ ಪುಸ್ತಕದಲ್ಲಿ ಎಂಟು ಪುಟ ಬರೀ ಬೆಳಕು. ಹಿಮದ ಮೇಲೆ ಸೂರ್ಯ ಬಿದ್ದದ್ದು, ಗುಲಾಬಿಯಾದದ್ದು, ನೇರಳೆಯಾದದ್ದು. ಜಗತ್ತಿನಲ್ಲಿ ಮೈಲಿಗೆಯಾಗದೆ ಉಳಿದ ಜಾಗ ಅದೊಂದೇ ಅಂತೆ. ಅಲ್ಲಿನ ಮೌನದಲ್ಲಿ ದೇವರ ಉಸಿರು ಕೇಳುತ್ತದಂತೆ.

"ಏನಮ್ಮಾ ಇವ್ನು? ಹೊಸ ಹೆಂಡ್ತಿ ಸೆರಗು ನೋಡ್ದಂಗೆ ಮಂಜುಗಡ್ಡೆ ನೋಡ್ತವ್ನೆ. ಮೂಗಿಗೆ ಗಾಳಿ ಹೊಡೀತಿದ್ರೆ ಗುಲಾಬಿ ಕಾಣತ್ತಾ?"

ಎರಡನೆಯದು ಕಥೆ ಪುಸ್ತಕ. ಅದರಲ್ಲಿ ಹಿಮದೊಳಗಿಂದ ಪಿಶಾಚಿಯೊಂದು ಹೆಸರು ಹಿಡಿದು ಕರೆಯುತ್ತದೆ. ನಾಯಕ ಡೇರೆಯಲ್ಲಿ ಮಲಗಿ, ಸಾಯುತ್ತಾ, ತನ್ನ ದೇಶಕ್ಕೂ ತಾಯಿಗೂ ಏಳು ಪುಟ ಮಾತಾಡುತ್ತಾನೆ.

"ನಿಲ್ಸಿಯಮ್ಮಾ. ಅರ್ಧ ಗಂಟೆ ಒಳಗಿದ್ರೆ ನಮ್ ತುಟಿ ಮರಗಟ್ಟಿ 'ಪ' ಅನ್ನಕ್ಕೆ ಬರಲ್ಲ. ಇವ್ನು ಏಳು ಪುಟ ಬೊಗಳ್ತಾನಾ? ಮತ್ತೆ ಇವ್ರು ಯಾರೂ ಒಂದಕ್ಕೂ ಹೋಗಲ್ವಾ? ಚಳೀಲಿ ಕಾಲು ಗಂಟೆಗೊಂದ್ ಸಲ ಓಡ್ಬೇಕು."

ಒಳಗಿಂದ ಪಟಾಲಮ್ಮ ಕೂಗಿದಳು. "ರೀ, ಟೀಚರಮ್ಮನ ಮುಂದೆ ಎಂಥ ಮಾತಾಡ್ತೀರಾ?"

"ಇರಲಿ ಬಿಡು ಪಟಾಲಮ್ಮ," ಟೀಚರು ನಕ್ಕರು. "ಇವರು ಕೇಳ್ತಿರೋದು ಸರಿಯಾಗೇ ಇದೆ."

ಮೂರನೆಯದು ನಿಜವಾಗಿ ನಡೆದ ಯಾತ್ರೆಯದು. ಮನುಷ್ಯರ ಸುಳಿವಿಲ್ಲದ ಬರಿದು ಭೂಮಿ ಅಂತ ಯಾತ್ರಿಕ ಮೊದಲ ಸಾಲಿನಲ್ಲೇ ಬರೆದಿದ್ದ. ಇಪ್ಪತ್ತು ಪುಟ ಆದಮೇಲೆ ಜಾರುಬಂಡಿಯ ನಾಯಿಗಳು ಬಂದವು.

"ಯಾರೂ ಇಲ್ಲ ಅಂದ್ನಲ್ಲ, ಮತ್ತೆ ನಾಯಿ ಯಾರ್ದಮ್ಮ?"

"ಅಲ್ಲಿಯೋರೇ ಒಬ್ರದ್ದು. ಚರ್ಮದ ಬೂಟು ಹೊಲಿದು ಕೊಟ್ಟಿದ್ದೂ ಆ ಮನೆಯೋರೇ."

"ಆವಯ್ಯನ ಹೆಸ್ರು?"

ಟೀಚರು ಹಿಂದಿನ ಪುಟ ತಿರುವಿದರು, ಮುಂದಿನದು ತಿರುವಿದರು. "ಬರೆದಿಲ್ಲ."

"ನಾಯಿಗಾದ್ರೂ ಇದ್ಯಾ?"

"ಇದೆ. ಹದಿಮೂರಕ್ಕೂ ಇದೆ."

"ಥೂ!" ನಂಜುಂಡಪ್ಪ ಎದ್ದುಹೋಗಿ ಗೇಟಿನಾಚೆ ಮೋರಿಗೆ ಉಗಿದು ಬಂದ.

ಟೀಚರು ಕನ್ನಡಕ ತೆಗೆದರು. "ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದೀನಿ ನಂಜುಂಡಪ್ಪ. ಇಂಥ ಪದ್ಯ, ಇಂಥ ಕಥೆ ಎಷ್ಟೋ ಓದಿಸಿದೆ. ಒಂದರಲ್ಲಿ ಆ ಜಾಗ ದೇವರ ಮನೆ, ಇನ್ನೊಂದರಲ್ಲಿ ದೆವ್ವದ ಮನೆ. ಯಾರಾದರೂ ಮನುಷ್ಯರ ಮನೆ ಅಂತ ಮಾತ್ರ ಬರೀಲಿಲ್ಲ. ಅದನ್ನ ಕೇಳಬೇಕು ಅಂತ ನನಗೂ ಹೊಳೀಲಿಲ್ಲ ನೋಡಿ."

ನೂರಾ ಎಂಬತ್ತೆರಡನೇ ಪುಟಕ್ಕೆ ಬಂದಾಗ ಟೀಚರ ದನಿ ಇಳಿಯಿತು. ಜಾರುಬಂಡಿ ಎಳೆಯುವ ಆಳೊಬ್ಬನ ಕೈಯ ವಿಷಯ, ನಾಲ್ಕೇ ಸಾಲು. ಬೆರಳು ಮೊದಲು ಮೇಣದ ಹಾಗೆ ಬೆಳ್ಳಗಾದವು. ನೋವಿರಲಿಲ್ಲ. ಬೆಂಕಿಯ ಹತ್ತಿರ ಬಂದಮೇಲೆ ಚೀರಿಕೊಂಡ. ಬೊಬ್ಬೆ ಎದ್ದವು, ಕಪ್ಪಾದವು, ಕತ್ತರಿಸಬೇಕಾಯಿತು. ಆಮೇಲೆ ಮತ್ತೆ ಬೆಳಕಿನ ವರ್ಣನೆ.

ನಂಜುಂಡಪ್ಪ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಂದ ಎತ್ತಿ ಪುಸ್ತಕದ ಪಕ್ಕ ಇಟ್ಟ.

"ಈ ನಾಲ್ಕು ಸಾಲಿನ ಕೆಳಗೆ ಯಾರೋ ಪೆನ್ಸಿಲ್ಲಲ್ಲಿ ಗೆರೆ ಎಳೆದಿದಾರೆ," ಅಂದರು ಟೀಚರು. "ಪಕ್ಕದಲ್ಲಿ 'ಅದ್ಭುತ' ಅಂತ ಬರೆದು ಸಹಿ ಬೇರೆ. ಪಿ. ಯು. ಆರ್. ಯು..."

ಗೊತ್ತಿಲ್ಲದವನು ಗೊತ್ತಿಲ್ಲ ಅಂದರೆ ಕ್ಷಮಿಸಬಹುದು. ಪುರುಷೋತ್ತಮನಿಗೆ ಎಲ್ಲಾ ಗೊತ್ತಿತ್ತು. ಬೆರಳು ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ ಓದಿ, ಚಪ್ಪರಿಸಿ, ಗೆರೆ ಎಳೆದಿದ್ದ.

ಸೋಮವಾರ ವಿಜಯನಗರದ ಲ್ಯಾಬಿಗೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿದ. ಸಕ್ಕರೆ ಇರಲಿಲ್ಲ. ಮೇ ಮೂವತ್ತರ ಬೆಳಿಗ್ಗೆ ಲ್ಯಾಬಿನ ಚೀಟಿಯನ್ನೂ ಮೂರು ಪುಸ್ತಕವನ್ನೂ ಕ್ಯಾಬಿನ್ನಿನ ಮೇಜಿನ ಮೇಲಿಟ್ಟ. ಪುರುಷೋತ್ತಮನ ಪಕ್ಕದಲ್ಲಿ ಡಾಕ್ಟರ್ ಶಶಿಕುಮಾರ್ ಕೂತಿದ್ದ.

"ಓದಿಸಿಕೊಂಡೆಯೇನಯ್ಯ? ಯಾವುದು ಹಿಡಿಸಿತು?"

"ನೂರಾ ಎಂಬತ್ತೆರಡು ಸಾರ್. ನೀವೇ ಒಂದ್ಸಲ ಜೋರಾಗ್ ಓದಿ, ಡಾಕ್ಟ್ರೂ ಕೇಳ್ಲಿ."

ಪುರುಷೋತ್ತಮ ಉಬ್ಬಿಹೋದ. ಅರ್ಧ ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ, ಹರಿಕಥೆ ದಾಸರ ಹಾಗೆ ರಾಗವಾಗಿ ಓದಿದ. ಮುಗಿಸಿ, "ಎಂಥ ಭಾಷೆ! ನಾಲ್ಕೇ ಸಾಲು, ಆದರೆ ಬೆರಳು ಕಣ್ಣೆದುರಿಗೆ ಬರುತ್ತೆ," ಅಂದ.

ನಂಜುಂಡಪ್ಪ ಬ್ಯಾಂಡೇಜು ಬಿಚ್ಚಿದ. ಮೂರು ಮೊಂಡು ಬೆರಳನ್ನು ಆ ಪುಟದ ಮೇಲೇ ಊರಿದ. "ಬಂತಾ ಸಾರ್ ಕಣ್ಣೆದ್ರಿಗೆ?"

ಪುರುಷೋತ್ತಮ ಕುರ್ಚಿಯಲ್ಲಿ ಹಿಂದೆ ಸರಿದ. "ಏಯ್, ಪುಸ್ತಕದ ಮೇಲೆ ಕೈ ತೆಗಿ. ಅದು ಮೈನಸ್ ನಲವತ್ತು, ಬಿರುಗಾಳಿ. ಅದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?"

"ಇಲ್ಲಿ ಇಪ್ಪತ್ತೈದು. ಗಾಳಿ ನಿಮ್ ಫ್ಯಾನ್‌ದು. ಅವ್ರಿಗೆ ಮೈಮೇಲೆ ಐದು ಬಟ್ಟೆ ಅಂತ ಬರ್ದಿದಾನೆ. ನಮಗೆ ನಾಲ್ಕು ಜನಕ್ಕೆ ಒಂದು ಕೋಟು. ಗೆರೆ ಎಳ್ದಿರೋರು ಯಾರು ಸಾರ್ ಅಲ್ಲಿ?"

ಡಾಕ್ಟರು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಗೆರೆ ನೋಡಿದ, ಸಹಿ ನೋಡಿದ. ಆಮೇಲೆ ಮೊದಲ ಸಲ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದ.

"ಎಷ್ಟು ಹೊತ್ತು ಒಳಗಿದ್ರಿ?"

"ಎರಡು ಗಂಟೆ."

"ಗ್ಲೌಸ್?"

"ಹರಿದಿತ್ತು."

ಡಾಕ್ಟರು ಲ್ಯಾಬಿನ ಚೀಟಿ ಓದಿದ. ಮುಖ ಕೆಂಪಾಗಿತ್ತು. ತಾನು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಹೊಸ ಸಾಲು ಬರೆದು, ಮ್ಯಾನೇಜರ ಕಡೆ ತಳ್ಳಿದ. "ಕೆಲಸದಿಂದಲೇ ಆಗಿದ್ದು ಸಾರ್. ನಾನು ಅವತ್ತು ಸರಿಯಾಗಿ ನೋಡಿರಲಿಲ್ಲ."

ಪುರುಷೋತ್ತಮ ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಇದ್ದಕ್ಕಿದ್ದಂತೆ ಅವನ ಮುಖ ಅರಳಿತು. "ನೋಡಯ್ಯ ನಂಜುಂಡ, ನೀನೂ ಒಬ್ಬ ಹೀರೋನೇ! ನಮ್ಮ ಕಾರ್ಖಾನೆಯ ಹಿಮವೀರ! ವಾರ್ಷಿಕೋತ್ಸವಕ್ಕೆ ಶಾಲು ಹೊದಿಸ್ತೀನಿ, ನಿನ್ನ ಮೇಲೆ ನಾನೇ ಎರಡು ಮಾತಾಡ್ತೀನಿ."

ನಂಜುಂಡಪ್ಪ ಬ್ಯಾಂಡೇಜು ಮತ್ತೆ ಸುತ್ತಿಕೊಂಡ. "ಶಾಲು ಬ್ಯಾಡ ಸಾರ್. ಅದೇ ದುಡ್ಡಿಗೆ ದುಂಡೇಶಂಗೆ ಒಂದು ಕೋಟು ತಗೊಡಿ. ನನ್ ಮೇಲೆ ಎಲ್ಲಾದ್ರೂ ಮಾತಾಡಿದ್ರೆ, ಅಲ್ಲೇ ಬಂದು ಮೈಕ್ ಕಿತ್ಕೊಳ್ತೀನಿ."

ಡಾಕ್ಟರು ತಲೆ ತಗ್ಗಿಸಿಕೊಂಡು ನಕ್ಕ. ಪುರುಷೋತ್ತಮ ನಗಲಿಲ್ಲ. ಹಲ್ಲು ಕಚ್ಚಿಕೊಂಡು ಗೋದಾಮಿನ ಕೆಲಸದ ಕಾಗದಕ್ಕೆ ಸಹಿ ಹಾಕಿ, ಅದರ ಜೊತೆ ಇಂಕ್ ಪ್ಯಾಡನ್ನೂ ತಳ್ಳಿದ. "ಬಲಗೈಲಿ ಪೆನ್ನು ಹಿಡಿಯಕ್ಕಾಗಲ್ಲ ನಿಂಗೆ. ಹೆಬ್ಬೆಟ್ಟು ಒತ್ತು, ಸಾಕು."

"ನಂಗೆ ಬರ್ಯಕ್ ಬರತ್ತೆ ಸಾರ್."

ಎಡಗೈಗೆ ಪೆನ್ನು ತೆಗೆದುಕೊಂಡ. ಎದುರಿನ ಕುರ್ಚಿ ಎಳೆದುಕೊಂಡು, ಯಾರೂ ಹೇಳದೆಯೇ, ಕೂತ. 'ನ'ದ ಬಾಲ ಸೊಟ್ಟಗಾಯಿತು. 'ಜ'ಕ್ಕೆ ಬರುವ ಹೊತ್ತಿಗೆ ಹಣೆಯಲ್ಲಿ ಬೆವರು ಮೂಡಿತು. ಪುರುಷೋತ್ತಮ ಎರಡು ಸಲ ಗಡಿಯಾರ ನೋಡಿದ, ಒಂದು ಸಲ ಕೆಮ್ಮಿದ. ನಂಜುಂಡಪ್ಪ ತಲೆ ಎತ್ತಲಿಲ್ಲ. ಎಲ್ಲಾ ಅಕ್ಷರ, ಎಲ್ಲಾ ಒತ್ತು ಬರೆದು ಮುಗಿಸಿದ ಮೇಲೇ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಒಣ ಗೋದಾಮಿನ ಕಡೆ ನೆಟ್ಟಗೆ ನಡೆದ.