ಅಂಚೆಯಲ್ಲಿ ಬಂದ ಚಟಚಟ

ಅಂಚೆಯಲ್ಲಿ ಔಷಧ ತಯಾರಿಕೆ ಕಲಿಸುತ್ತಿದ್ದ ಶ್ರೀಕಂಠಯ್ಯ ಮೇಷ್ಟ್ರು, ಎಪ್ಪತ್ತನಾಲ್ಕನೇ ಇಸವಿಯಲ್ಲಿ ಚಿತ್ರದುರ್ಗದ ಪರೀಕ್ಷೆಯ ದಿನ ಎಣ್ಣೆಗೂ ಗೋಂದಿಗೂ ಅವಸರದಲ್ಲಿ ನೀರೆಲ್ಲ ಒಮ್ಮೆಗೇ ಸುರಿದು ಬೆರೆಸಿ ತೋರಿಸಲು ಹೋದರು. ಎಣ್ಣೆ ಒಂದು ಕಡೆ, ನೀರು ಒಂದು ಕಡೆ ನಿಂತು, ಎಲ್ಲರೆದುರು ಅವರ ಮಾನ ಕಳೆದವು.

ಆಮೇಲೆ ಅವರ ಅಂಚೆ ಪಾಠದ ಶಿಷ್ಯ, ಜವನಗೊಂಡನಹಳ್ಳಿಯ ಕುರಿಗಾರರ ಕರಿಸಿದ್ದಪ್ಪನ ಸರದಿ. ಫೇಲಾದರೆ ಕಾಂಪೌಂಡರ್ ಕೆಲಸ ಕೈತಪ್ಪುತ್ತಿತ್ತು. ಮನೆಯಲ್ಲಿ ಅವ್ವನ ಒರಳಿನಲ್ಲೇ ಅಭ್ಯಾಸ ಮಾಡಿದ್ದವನು ಎಣ್ಣೆ, ಗೋಂದಿಗೆ ತುಸುವೇ ನೀರು ಹಾಕಿ, ಪಿಂಗಾಣಿ ಒರಳಿಗೆ ಕಿವಿಗೊಟ್ಟು ಅರೆಯುತ್ತಲೇ ಇದ್ದ. ಮೇಷ್ಟ್ರು ಗಡಿಯಾರ ನೋಡಿ ನೋಡಿ ಚಡಪಡಿಸಿದರು.

“ಉಳಿದ ನೀರು ಹಾಕಯ್ಯ!”

“ತಡೀರಿ ಸಾರ್, ಇನ್ನೂ ಚಟಚಟ ಅಂದಿಲ್ಲ.”

ಕೊನೆಗೆ ಒರಳಿನಲ್ಲಿದ್ದದ್ದು ಬೆಳ್ಳಗೆ ಗಟ್ಟಿಯಾಗಿ, ಚಟಚಟ ಎಂದಿತು. ಉಳಿದ ನೀರು ಬಿದ್ದದ್ದೇ, ಔಷಧ ಹಾಲಿನಂತೆ ಬೆರೆಯಿತು.

“ಈ ಗುಟ್ಟು ಯಾರಯ್ಯ ಹೇಳಿಕೊಟ್ಟಿದ್ದು?”

“ನಿಮ್ಮ ಆರನೇ ಪಾಠದಾಗೇ ಐತಲ್ರೀ ಸಾರ್. ನಿಮಗೆ ಅದು ಅಂಚೇಲಿ ಬರ್ಲಿಲ್ವೇನೋ.”